ಕೊನೆಯ ಪ್ರತಿ ಎಲ್ಲಿತ್ತು?

ಗ್ರಂಥಾಲಯಕ್ಕೆ ಬೆಂಕಿ ಇಟ್ಟರು ಅಂತ ಸುದ್ದಿ ಬಂದರೆ ನಾವು ಮೊದಲು ಕೇಳುವುದು, ಎಷ್ಟು ಪುಸ್ತಕ ಹೋಯಿತು ಅಂತ. 20,000, ಒಂದು ಲಕ್ಷ, 15 ಲಕ್ಷ. ಸಂಖ್ಯೆ ಬೆಳೆದಷ್ಟೂ ಹೊಟ್ಟೆ ಉರಿಯುತ್ತದೆ. ನನಗೇನೋ ಈ ಲೆಕ್ಕವೇ ನಮ್ಮನ್ನು ದಾರಿ ತಪ್ಪಿಸುತ್ತದೆ ಅನಿಸುತ್ತದೆ. ಸುಟ್ಟ ಪುಸ್ತಕದ ಇನ್ನೊಂದು ಪ್ರತಿ ಬೇರೆ ಎಲ್ಲಾದರೂ ಇತ್ತಾ? ಕೇಳಬೇಕಾದದ್ದು ಇದನ್ನು.

ಎರಡು ಬೆಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1933ರ ಮೇ 10ರ ರಾತ್ರಿ ಬರ್ಲಿನ್ನಿನ ಒಪೆರಾ ಚೌಕದಲ್ಲಿ ನಾಜಿ ವಿದ್ಯಾರ್ಥಿಗಳು 20,000ಕ್ಕೂ ಜಾಸ್ತಿ ಪುಸ್ತಕ ಸುಟ್ಟರು. ಮೆರವಣಿಗೆ, ಭಾಷಣ, ರೇಡಿಯೋ ಪ್ರಸಾರ, ಎಲ್ಲ ಇತ್ತು. ಪುಸ್ತಕ ಸುಡುವುದು ಅಂದ ಕೂಡಲೇ ಕಣ್ಣಿಗೆ ಬರುವುದು ಇವತ್ತಿಗೂ ಅವತ್ತಿನ ಫೋಟೋಗಳೇ. ಆದರೆ ಅಲ್ಲಿ ಉರಿದದ್ದು ಬಹುಪಾಲು ಅಚ್ಚಾದ ಪುಸ್ತಕ, ಪ್ರತಿಗಳು ಯುರೋಪಿನ ಊರೂರಲ್ಲಿ ಇದ್ದವು. ಸರಿಯಾಗಿ ಒಂದು ವರ್ಷಕ್ಕೆ, 1934ರ ಮೇ 10ರಂದು, ದೇಶ ಬಿಟ್ಟು ಬಂದಿದ್ದ ಜರ್ಮನ್ ಲೇಖಕರು ಪ್ಯಾರಿಸ್‌ನಲ್ಲಿ ಆ ಪುಸ್ತಕಗಳಿಗೇ ಒಂದು ಗ್ರಂಥಾಲಯ ತೆರೆದರು.

ಇನ್ನೊಂದು ಬೆಂಕಿ 1562ರ ಜುಲೈ 12ರದ್ದು. ಮೆಕ್ಸಿಕೋದ ಯುಕಟಾನ್ ಸೀಮೆಯ ಮಾನಿ ಎಂಬ ಊರಲ್ಲಿ ಡಿಯೆಗೊ ಡಿ ಲಾಂಡಾ ಎಂಬ ಸ್ಪೇನಿನ ಪಾದ್ರಿ ಮಾಯಾ ಜನರ ಪುಸ್ತಕಗಳನ್ನು ಸುಡಿಸಿದ. ಮರದ ತೊಗಟೆಯ ಹಾಳೆ, ಅದಕ್ಕೆ ಸುಣ್ಣದ ಲೇಪ, ಮೇಲೆ ಬಣ್ಣದ ಚಿತ್ರಲಿಪಿ. ಸಾಮಾನ್ಯವಾಗಿ ಹೇಳುವ ಲೆಕ್ಕ 27 ಪುಸ್ತಕ. ಬರ್ಲಿನ್ನಿನ ಮುಂದೆ 27 ಯಾವ ಲೆಕ್ಕ ಅಲ್ವಾ? ಆದರೆ ಇವತ್ತು ಇಡೀ ಜಗತ್ತಿನಲ್ಲಿ ಉಳಿದಿರುವ ಮಾಯಾ ಪುಸ್ತಕಗಳು ನಾಲ್ಕೇ ನಾಲ್ಕು. ಅದರಲ್ಲಿ ಡ್ರೆಸ್ಡೆನ್‌ನಲ್ಲಿರುವ ಒಂದರಲ್ಲೇ ಶುಕ್ರಗ್ರಹದ ಚಲನೆಯ ಕೋಷ್ಟಕವಿದೆ, ಗ್ರಹಣದ ಲೆಕ್ಕವಿದೆ. ಸುಟ್ಟುಹೋದವುಗಳಲ್ಲಿ ಏನಿತ್ತು ಅಂತ ಕೇಳಲು ಯಾರೂ ಇಲ್ಲ.

ಈ ಲಾಂಡಾನ ಕಥೆಗೆ ಒಂದು ಬಾಲವೂ ಇದೆ. ಪುಸ್ತಕ ಸುಡಿಸಿದ ಅದೇ ಮನುಷ್ಯ ಮುಂದೆ ಮಾಯಾ ಜನರ ಬಗ್ಗೆ ಒಂದು ವರದಿ ಬರೆದ, ಅದರಲ್ಲಿ ಅವರ ಕೆಲವು ಅಕ್ಷರಗಳನ್ನೂ ಬರೆಸಿಟ್ಟ. ಆ ವರದಿಯ ಒಂದು ನಕಲು 1862ರಲ್ಲಿ ಮ್ಯಾಡ್ರಿಡ್‌ನಲ್ಲಿ ಸಿಕ್ಕಿತು. 1952ರಲ್ಲಿ ರಷ್ಯಾದ ಯೂರಿ ಕ್ನೊರೊಜೊವ್ ಅದನ್ನೇ ಹಿಡಿದುಕೊಂಡು ಮಾಯಾ ಲಿಪಿಯ ಗುಟ್ಟು ಬಿಡಿಸಲು ಶುರುಮಾಡಿದ. ಸುಟ್ಟವನ ಬರಹವೇ ಬೀಗದ ಕೈ ಆಯಿತು, ಅದೂ ಯಾರೋ ಹೆಸರಿಲ್ಲದವರು ಒಂದು ನಕಲು ಮಾಡಿಟ್ಟಿದ್ದರಿಂದ.

ಬರ್ಲಿನ್ ಬಗ್ಗೆ ಇನ್ನೊಂದು ಮಾತು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಆ ಚೌಕಕ್ಕೆ ಬಂದ ಗಾಡಿಗಳಲ್ಲಿ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಎಂಬ ವೈದ್ಯನ ಲೈಂಗಿಕ ವಿಜ್ಞಾನ ಸಂಸ್ಥೆಯ ಗ್ರಂಥಾಲಯವೂ ಇತ್ತು. ನಾಲ್ಕು ದಿನ ಮೊದಲು, ಮೇ 6ರಂದು, ಅದನ್ನು ಲೂಟಿ ಮಾಡಿದ್ದರು. 1919ರಿಂದ ಕೂಡಿಟ್ಟ ಕಡತ, ಫೋಟೋ, ಜನರ ಮಾತಿನ ಟಿಪ್ಪಣಿಗಳು ಅಲ್ಲಿದ್ದವು. ಅವಕ್ಕೆ ಎರಡನೇ ಪ್ರತಿ ಎಲ್ಲಿಂದ ಬರಬೇಕು? ಅವತ್ತಿನ ನಿಜವಾದ ನಷ್ಟ ಅದು. ಫೋಟೋಗಳಲ್ಲಿ ಮಾತ್ರ ಎಲ್ಲ ಒಂದೇ ರಾಶಿಯಾಗಿ ಕಾಣುತ್ತದೆ.

ಹಾಗೆ ನೋಡಿದರೆ ಪುಸ್ತಕ ಸುಡುವುದು ಅಂದುಕೊಂಡಷ್ಟು ಸುಲಭವೂ ಅಲ್ಲ. ಕಾಗದಕ್ಕೆ ಬೆಂಕಿ ಹತ್ತುವುದು ಸುಮಾರು 230 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಬಿಡಿ ಹಾಳೆ ಭಗ್ ಅಂತ ಉರಿಯುತ್ತದೆ. ಮುಚ್ಚಿದ ದಪ್ಪ ಪುಸ್ತಕದಲ್ಲಿ ಹಾಳೆಗಳ ನಡುವೆ ಗಾಳಿ ಇರುವುದಿಲ್ಲ, ಹೊರಗೆ ಕರಕಲಾದ ಪದರವೇ ಒಳಗಿನ ಹಾಳೆಗೆ ಬಿಸಿ ತಾಗದಂತೆ ತಡೆಯುತ್ತದೆ. ಅಂಚು ಸುಟ್ಟಿರುತ್ತದೆ, ನಡುವಿನ ಸಾಲುಗಳು ಓದಲು ಬರುತ್ತವೆ. ಅದಕ್ಕೇ ಬೇಕೆಂದೇ ಸುಡುವವರು ಒಂದು ಕಡ್ಡಿ ಗೀರಿ ಹೋಗುವುದಿಲ್ಲ. ಪೆಟ್ರೋಲ್ ಸುರಿಯುತ್ತಾರೆ, ಶೆಲ್ ಹಾರಿಸುತ್ತಾರೆ, ನೀರು ಬರದಂತೆ ನೋಡಿಕೊಳ್ಳುತ್ತಾರೆ. 1992ರ ಆಗಸ್ಟ್‌ನಲ್ಲಿ ಬೋಸ್ನಿಯಾದ ರಾಜಧಾನಿ ಸರಾಯೆವೊದ ರಾಷ್ಟ್ರೀಯ ಗ್ರಂಥಾಲಯದ ಮೇಲೆ ಬೋಸ್ನಿಯಾದ ಸರ್ಬ್ ಪಡೆಗಳು ಗುಡ್ಡಗಳಿಂದ ಶೆಲ್ ಸುರಿಸಿದಾಗ ಬೆಂಕಿ ಆರಿಸಲು ಬಂದವರ ಮೇಲೂ ಗುಂಡು ಹಾರಿಸಿದರು.

ಇನ್ನು ಬೆಂಕಿಯೇ ಕಾಪಾಡಿದ ಗ್ರಂಥಾಲಯವೂ ಒಂದಿದೆ. ಕ್ರಿ.ಪೂ. 612ರಲ್ಲಿ ಶತ್ರುಗಳು ಅಸಿರಿಯಾದ ನಿನೆವೆ ಪಟ್ಟಣವನ್ನು ಸುಟ್ಟು ಹಾಳುಮಾಡಿದರು. ಅಲ್ಲಿದ್ದ ಅಶುರ್‌ಬನಿಪಾಲ್ ರಾಜನ ಸಂಗ್ರಹದಲ್ಲಿ ಮೇಣದ ಹಲಗೆಗಳಿದ್ದವು, ಅವು ಬೂದಿಯಾದವು. ಹಸಿ ಜೇಡಿಮಣ್ಣಿನಲ್ಲಿ ಬರೆದು ಒಣಗಿಸಿದ ಫಲಕಗಳೂ ಇದ್ದವು, ಅವು ಬೆಂಕಿಯಲ್ಲಿ ಬೆಂದು ಗಟ್ಟಿಯಾದವು. ಇವತ್ತು ಬ್ರಿಟಿಷ್ ಮ್ಯೂಸಿಯಂನಲ್ಲಿರುವ 30,000ಕ್ಕೂ ಹೆಚ್ಚು ಫಲಕ ಮತ್ತು ಚೂರುಗಳು ಉಳಿದಿರುವುದರಲ್ಲಿ ಆ ಬೆಂಕಿಯ ಪಾಲೂ ಇದೆ. ಸುಟ್ಟವರು ಇದನ್ನು ಎಣಿಸಿರಲಿಲ್ಲ ಬಿಡಿ.

ಸರಿ, ಕಳೆದುಹೋದದ್ದನ್ನು ಲೆಕ್ಕ ಹಾಕುವುದಾದರೂ ಹೇಗೆ? ಹೆಸರೇ ಗೊತ್ತಿಲ್ಲದ ಪುಸ್ತಕವನ್ನು ಎಣಿಸಲು ಆಗುತ್ತದಾ? ಒಂದು ಮಟ್ಟಿಗೆ ಆಗುತ್ತದೆ. ಈ ದಾರಿ ಬಂದದ್ದು ಕಾಡಿನಿಂದ. ಚಿತ್ರದುರ್ಗದ ಜೋಗಿಮಟ್ಟಿಗೆ ಹಕ್ಕಿ ನೋಡಲು ಹೋಗಿದ್ದೀರಿ ಅಂದುಕೊಳ್ಳಿ. ಕಂಡ ಹಕ್ಕಿಯನ್ನೆಲ್ಲ ಪಟ್ಟಿಮಾಡಿದಿರಿ. 10 ಜಾತಿ ಒಂದೊಂದೇ ಸಲ ಕಂಡವು, 5 ಜಾತಿ ಎರಡೆರಡು ಸಲ, ಉಳಿದವು ಬೇಕಾದಷ್ಟು ಸಲ. ಒಂದೇ ಸಲ ಕಂಡ ಜಾತಿಗಳು ಜಾಸ್ತಿ ಇವೆ ಅಂದರೆ, ಒಮ್ಮೆಯೂ ಕಾಣದೆ ತಪ್ಪಿಸಿಕೊಂಡ ಜಾತಿಗಳೂ ಇರಲೇಬೇಕು. ಆನ್ ಚಾವೊ ಎಂಬ ತೈವಾನಿನ ಸಂಖ್ಯಾಶಾಸ್ತ್ರಜ್ಞೆ ಇದಕ್ಕೆ ಒಂದು ಸೂತ್ರ ಕೊಟ್ಟರು. ಒಂದು ಸಲ ಕಂಡವುಗಳ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಎರಡು ಸಲ ಕಂಡವುಗಳ ಎರಡರಷ್ಟರಿಂದ ಭಾಗಿಸಿ. ಇಲ್ಲಿ 100 ಭಾಗಿಸು 10. ಅಂದರೆ ಕಡಿಮೆ ಅಂದರೂ ಇನ್ನೂ 10 ಜಾತಿ ನಿಮ್ಮ ಕಣ್ಣಿಗೆ ಬಿದ್ದಿಲ್ಲ.

ಹಕ್ಕಿಯ ಜಾಗದಲ್ಲಿ ಕೃತಿ, ಕಂಡ ಸಲದ ಜಾಗದಲ್ಲಿ ಉಳಿದ ಹಸ್ತಪ್ರತಿ ಇಟ್ಟರೆ ಮುಗಿಯಿತು. 2022ರಲ್ಲಿ ಸಂಶೋಧಕರ ತಂಡವೊಂದು ಯುರೋಪಿನ ಮಧ್ಯಯುಗದ ವೀರಕಥೆಗಳಿಗೆ ಇದನ್ನೇ ಮಾಡಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿತು. ಅವರ ಅಂದಾಜಿನ ಪ್ರಕಾರ ಹಸ್ತಪ್ರತಿಗಳಲ್ಲಿ ಉಳಿದಿರುವುದು ಸುಮಾರು ಶೇ. 9 ಮಾತ್ರ, ಆದರೆ ಕೃತಿಗಳಲ್ಲಿ ಸುಮಾರು ಶೇ. 68 ಉಳಿದಿವೆ. ಈ ಎರಡು ಅಂಕಿಗಳ ನಡುವಿನ ಅಂತರ ಗಮನಿಸಿ. ಹತ್ತರಲ್ಲಿ ಒಂಬತ್ತು ಪ್ರತಿ ಹಾಳಾದರೂ ಕೃತಿ ಬದುಕಬಹುದು, ಒಂದು ಪ್ರತಿ ಎಲ್ಲೋ ಮೂಲೆಯಲ್ಲಿ ಉಳಿದರೆ ಸಾಕು. ಭಾಷೆಯಿಂದ ಭಾಷೆಗೂ ಬಹಳ ಫರಕು ಇದೆ. ಇಂಗ್ಲಿಷಿನಲ್ಲಿ ಉಳಿದ ಕೃತಿಗಳು ಶೇ. 38, ಐಸ್‌ಲ್ಯಾಂಡಿಕ್‌ನಲ್ಲಿ ಶೇ. 77, ಐರಿಷ್‌ನಲ್ಲಿ ಶೇ. 81. ಆ ಎರಡು ದ್ವೀಪಗಳಲ್ಲಿ ಪ್ರತಿಗಳು ಕೃತಿಗಳ ನಡುವೆ ಹೆಚ್ಚು ಸಮನಾಗಿ ಹಂಚಿಹೋಗಿದ್ದವು. ಒಂದಕ್ಕೆ ನೂರು, ಇನ್ನೊಂದಕ್ಕೆ ಒಂದೇ ಒಂದು ಅನ್ನುವಂಥ ಏರುಪೇರು ಕಡಿಮೆ ಇತ್ತು.

ಕನ್ನಡಕ್ಕೆ ಈ ಲೆಕ್ಕ ಹಾಕಿದರೆ ಏನು ಬರುತ್ತದೋ ನೋಡಲು ನನಗೆ ಆಸೆ. ಯಾಕೆಂದರೆ ನಮ್ಮ ಸಾಹಿತ್ಯದ ಚರಿತ್ರೆ ಶುರುವಾಗುವುದೇ ಇಲ್ಲದ ಪುಸ್ತಕಗಳಿಂದ. ಸುಮಾರು 850ರ ಕವಿರಾಜಮಾರ್ಗ ತನಗಿಂತ ಹಿಂದಿನ ಗದ್ಯ ಬರೆದವರು ಅಂತ ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಇವರ ಹೆಸರು ಹೇಳುತ್ತದೆ. ಅವರ ಕನ್ನಡ ಗದ್ಯದ ಒಂದು ಗರಿಯೂ ನಮ್ಮ ಕೈಗೆ ಬಂದಿಲ್ಲ. ರನ್ನನ ಪರಶುರಾಮಚರಿತ ಇಲ್ಲ, ಪೊನ್ನನ ಭುವನೈಕ ರಾಮಾಭ್ಯುದಯ ಇಲ್ಲ. ಇವನ್ನೆಲ್ಲ ಯಾರೋ ಸುಟ್ಟರು ಅಂತ ಆರೋಪ ಹೊರಿಸಲು ನನ್ನ ಹತ್ತಿರ ಆಧಾರವಿಲ್ಲ. ಓಲೆಗರಿಯ ಆಯುಸ್ಸು ಚೆನ್ನಾಗಿ ನೋಡಿಕೊಂಡರೆ ಕೆಲವು ನೂರು ವರ್ಷ. ಅಷ್ಟರೊಳಗೆ ಯಾರೂ ಹೊಸದಾಗಿ ಪ್ರತಿ ಮಾಡದಿದ್ದರೆ ಬೆಂಕಿಯೇ ಬೇಕಿಲ್ಲ, ಗೆದ್ದಲು ಸಾಕು. ಆದರೆ ಪೊನ್ನನ ಶಾಂತಿಪುರಾಣ ಉಳಿಯಿತು. ಅತ್ತಿಮಬ್ಬೆ ಅದರ ಸಾವಿರ ಪ್ರತಿ ಬರೆಸಿ ಹಂಚಿದಳಲ್ಲ, ಅದೇ ಪುಸ್ತಕ. ಹತ್ತನೇ ಶತಮಾನದಲ್ಲಿ, ಒಂದೊಂದೇ ಗರಿಯ ಮೇಲೆ ಕಂಟ ಎಂಬ ಮೊನಚು ಕಡ್ಡಿಯಲ್ಲಿ ಕೊರೆಸಿ, ಸಾವಿರ! ಆ ಹೆಣ್ಣುಮಗಳಿಗೆ ಸಂಖ್ಯಾಶಾಸ್ತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ನಮ್ಮ ಮೊಳಕಾಲ್ಮೂರು ಸೀಮೆಯಲ್ಲಿ ಇದಕ್ಕಿಂತ ಹಳೆಯ ಉದಾಹರಣೆ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಕ್ರಿ.ಪೂ. ಮೂರನೇ ಶತಮಾನದವು, ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದದ್ದು. ಮೂರೂ ಜಾಗ ಒಂದಕ್ಕೊಂದು ಹತ್ತಿರ, ಮೂರರಲ್ಲೂ ಹೆಚ್ಚುಕಮ್ಮಿ ಒಂದೇ ಒಕ್ಕಣೆ. ಜಟಿಂಗ ರಾಮೇಶ್ವರದ್ದು ತುಂಬಾ ಸವೆದಿದೆ, ಜನ ಅದನ್ನು ಬಳೆಗಾರ ಗುಂಡು ಅನ್ನುತ್ತಿದ್ದರು. ಬ್ರಹ್ಮಗಿರಿಯ ಅಕ್ಷರಗುಂಡು ಚೆನ್ನಾಗಿ ಉಳಿದಿರುವುದರಿಂದ ಅಲ್ಲಿ ಅಳಿಸಿದ್ದನ್ನು ಇಲ್ಲಿ ನೋಡಿ ಓದಿಕೊಳ್ಳಬಹುದು. ಕಲ್ಲಿನ ಮೇಲೆ ಬರೆಸಿದರೂ ಒಂದೇ ಕಲ್ಲನ್ನು ನಂಬಿಕೊಂಡು ಕೂರಲಿಲ್ಲ ನೋಡಿ.

ವಚನಗಳು ಉಳಿದದ್ದೂ ಹಂಚಿಹೋಗಿದ್ದರಿಂದಲೇ. 12ನೇ ಶತಮಾನದ ಕಲ್ಯಾಣದ ಗಲಭೆಯಲ್ಲಿ ಶರಣರು ವಚನದ ಕಟ್ಟುಗಳನ್ನು ಹೊತ್ತುಕೊಂಡು ಉಳವಿಯ ಕಡೆ ಹೋದರು ಅನ್ನುವುದು ನಮ್ಮಲ್ಲಿ ಎಲ್ಲರೂ ಕೇಳಿ ಬೆಳೆದ ಕಥೆ. ಕಥೆ ಏನೇ ಇರಲಿ, ಕಟ್ಟುಗಳು ಮನೆಮನೆಯ ದೇವರ ಜಗಲಿಗಳಲ್ಲಿ, ಮಠಗಳಲ್ಲಿ ಚದುರಿದ್ದವು. ದಾವಣಗೆರೆಯಲ್ಲಿ 1913ರಲ್ಲಿ ಹರ್ಡೇಕರ ಮಂಜಪ್ಪನವರು ಮೊದಲ ಸಲ ಸಾರ್ವಜನಿಕವಾಗಿ ಬಸವ ಜಯಂತಿ ಮಾಡಿದಾಗ ಬಹುಪಾಲು ವಚನಗಳು ಇನ್ನೂ ಓಲೆಗರಿಯಲ್ಲೇ ಇದ್ದವು. ಫ. ಗು. ಹಳಕಟ್ಟಿಯವರು ಊರೂರು ಸುತ್ತಿ ಕೂಡಿಸಿದ್ದು ವಚನಶಾಸ್ತ್ರಸಾರವಾಗಿ ಅಚ್ಚಾಗಿ ಬಂದದ್ದು 1923ರಲ್ಲಿ. ಎಲ್ಲವೂ ಒಂದೇ ಅರಮನೆಯ ಒಂದೇ ಭಂಡಾರದಲ್ಲಿ ಇದ್ದಿದ್ದರೆ ಅವರು ಯಾವ ಊರು ಸುತ್ತಬೇಕಿತ್ತು?

ಬೇಕೆಂದೇ ನಾಶ ಮಾಡುವವರಿಗೆ ಬೇಕಾದದ್ದು ಅಂಥ ಒಂದೇ ವಿಳಾಸ. 1981ರ ಮೇ 31ರ ರಾತ್ರಿ ಶ್ರೀಲಂಕಾದ ಜಾಫ್ನಾ ಸಾರ್ವಜನಿಕ ಗ್ರಂಥಾಲಯ ಸುಟ್ಟಾಗ ಸುಮಾರು 97,000 ಸಂಪುಟ ಹೋದವು. ಕಟ್ಟಡ ಮತ್ತೆ ಎದ್ದಿತು, ಅಚ್ಚಿನ ಪುಸ್ತಕಗಳೂ ಬಂದವು. ತಮಿಳಿನ ಓಲೆಗಳನ್ನು ಎಲ್ಲಿಂದ ಕೊಂಡು ತರುವುದು? ಸರಾಯೆವೊದಲ್ಲಿ ರಾಷ್ಟ್ರೀಯ ಗ್ರಂಥಾಲಯಕ್ಕಿಂತ ಮೂರು ತಿಂಗಳು ಮೊದಲೇ, 1992ರ ಮೇ 17ರಂದು, ಪ್ರಾಚ್ಯ ಸಂಸ್ಥೆಯ ಮೇಲೆ ಶೆಲ್ ಬಿದ್ದು 5,000ಕ್ಕೂ ಹೆಚ್ಚು ಹಸ್ತಪ್ರತಿ ಸುಟ್ಟಿದ್ದವು. ಆಮೇಲೆ ಹೊರದೇಶದ ವಿದ್ವಾಂಸರು ಸೇರಿ ಒಂದು ಕೆಲಸ ಮಾಡಿದರು. ಹಿಂದೆ ಅಲ್ಲಿಗೆ ಓದಲು ಹೋಗಿದ್ದವರನ್ನೆಲ್ಲ ಹುಡುಕಿ, ನಿಮ್ಮ ಹತ್ತಿರ ಹಳೆ ಜೆರಾಕ್ಸ್, ಮೈಕ್ರೋಫಿಲ್ಮ್ ಏನಾದರೂ ಇದೆಯಾ ಅಂತ ಕೇಳಿದರು. ಸಿಕ್ಕವು. ಯಾವುದೋ ವಿಶ್ವವಿದ್ಯಾಲಯದ ಯಾವುದೋ ಮೇಷ್ಟ್ರ ಮೇಜಿನ ಖಾನೆಯಲ್ಲಿ ಮಡಿಚಿಟ್ಟ ಮಸುಕು ಜೆರಾಕ್ಸ್, ಈಗ ಅದೇ ಮೂಲ.

ನಮ್ಮ ಕಡೆ ಬೆಂಕಿಗಿಂತ ಹೆಚ್ಚಿನ ಅಪಾಯ ಇನ್ನೊಂದಿದೆ. ದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ ಗೆಳೆಯನ ಅಜ್ಜಿ ಜಗಲಿಯಿಂದ ಒಂದು ಕಟ್ಟು ಇಳಿಸಿ ಕೊಟ್ಟರು. ಮೇಲೆ ಕೆಳಗೆ ಎರಡು ಮರದ ಹಲಗೆ, ನಡುವೆ ತೂತಿನಲ್ಲಿ ದಾರ, ಅದರ ಮೇಲೆ ವರ್ಷಗಳ ವಿಭೂತಿ, ಕುಂಕುಮ. "ಇದ್ರಾಗೆ ಏನೂ ಬರ್ದಿಲ್ಲ ಕಣಪ್ಪ, ಸುಮ್ನೆ ಪೂಜೆಗೆ ಇಟ್ಕಂಡೀವಿ" ಅಂದರು. ನೋಡಿದರೆ ಹೌದು, ಗರಿ ಖಾಲಿ. ಗೆಳೆಯ ಮೊಬೈಲ್ ಟಾರ್ಚನ್ನು ಗರಿಯ ಮಟ್ಟಕ್ಕೇ ತಂದು ಪಕ್ಕದಿಂದ ಬೆಳಕು ಬಿಟ್ಟ. ಸಾಲು ಸಾಲಾಗಿ ಅಕ್ಷರ ಎದ್ದವು, ದುಂಡಗಿನ ಹಳೆ ಕನ್ನಡ ಅಕ್ಷರ, ಎಡಗಡೆ ಅಂಚಿನಲ್ಲಿ ಗರಿಯ ಸಂಖ್ಯೆ. ಅಜ್ಜಿ ಹತ್ತಿರ ಬಗ್ಗಿ ನೋಡಿ "ಅಯ್ಯ ಶಿವನೇ" ಅಂದರು.

ಇದರಲ್ಲಿ ಪವಾಡ ಏನೂ ಇಲ್ಲ. ಓಲೆಗರಿಯ ಮೇಲೆ ಬರೆಯುವುದು ಮಸಿಯಿಂದಲ್ಲ, ಕಂಟದ ಮೊನೆಯಿಂದ ಗೀರುತ್ತಾರೆ. ಆಮೇಲೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಮೇಲೆ ಸವರಿ ಒರೆಸುತ್ತಾರೆ, ಗೀರಿದ ಕಡೆ ಮಾತ್ರ ಕಪ್ಪು ನಿಲ್ಲುತ್ತದೆ. ದೀಪದ ಮಸಿ ಅಂದರೆ ಬರೀ ಇಂಗಾಲ, ಬಿಸಿಲಿಗೂ ಮಾಸುವುದಿಲ್ಲ. ಆದರೆ ಸವರದೇ ಬಿಟ್ಟಿದ್ದರೆ, ಅಥವಾ ಕೈತಾಗಿ ಒರೆಸಿಹೋಗಿದ್ದರೆ, ನೇರ ಬೆಳಕಿನಲ್ಲಿ ಗೀರು ಕಾಣುವುದಿಲ್ಲ. ಪಕ್ಕದ ಬೆಳಕಿಗೆ ಗೀರಿನ ಅಂಚು ನೆರಳು ಹಾಕುತ್ತದೆ, ಅಷ್ಟೇ. ಖಾಲಿ ಗರಿ ಅಂದುಕೊಂಡು ಭಕ್ತಿಯಿಂದಲೇ ಹೊಳೆಗೆ ಬಿಟ್ಟ ಕಟ್ಟುಗಳು ಎಷ್ಟಿರಬಹುದೋ. ಹರಿಹರದಲ್ಲಿ ಹೊಳೆ ಹತ್ತಿರ ಬೇರೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದು ಇದ್ದರೆ ದಾರ ಬಿಚ್ಚುವ ಮುಂಚೆ ಗರಿಗಳ ಕ್ರಮ ಬರೆದಿಟ್ಟುಕೊಳ್ಳಿ. ಕೊಬ್ಬರಿ ಎಣ್ಣೆ ಹಚ್ಚಲು ಹೋಗಬೇಡಿ. ನಮ್ಮ ಒಣಹವೆಗೆ ಗರಿ ಗಡುಸಾಗಿರುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ಎರಡೂ ಬದಿಯ ಫೋಟೋ ತೆಗೆಯಿರಿ, ಒಂದು ನೇರ ಬೆಳಕಿನಲ್ಲಿ, ಇನ್ನೊಂದು ಪಕ್ಕದ ಬೆಳಕಿನಲ್ಲಿ. ಓದಿಸಲು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗವಿದೆ, ಮೈಸೂರಿನಲ್ಲಿ 1891ರಿಂದ ಇರುವ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆ ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಅಲ್ಲೇ. ಮನೆದೇವರ ಕಟ್ಟು ಹೊರಗೆ ಕೊಡುವುದಿಲ್ಲ ಅಂತ ಹಿರಿಯರು ಹಟ ಹಿಡಿದರೆ ಬೇಡ, ಕಟ್ಟು ಜಗಲಿಯಲ್ಲೇ ಇರಲಿ. ಫೋಟೋಗಳ ಒಂದು ಸೆಟ್ ಮಾತ್ರ ಬೇರೆ ಊರಲ್ಲಿರುವ ಯಾರಿಗಾದರೂ ಕಳಿಸಿ. ಮಗನ ಫೋನು ಮತ್ತು ಅದೇ ಮನೆಯ ಲ್ಯಾಪ್‌ಟಾಪು ಎರಡು ಜಾಗ ಅಂತ ಲೆಕ್ಕಕ್ಕೆ ಬರುವುದಿಲ್ಲ.