ಮೂತ್ರ ನಿಂತ ಮಾತ್ರಕ್ಕೆ ಕಿಡ್ನಿ ಸತ್ತಿಲ್ಲ

"ಬಿಪಿ ನಿಲ್ತಾ ಇಲ್ಲವಂತೆ, ಕಿಡ್ನಿಯೂ ಫೇಲ್ ಅಂತೆ. ಇನ್ನೆಂತ ಮಾಡುವುದು ಮಾರಾಯ್ರೆ?" ಮಳೆಗಾಲದಲ್ಲಿ ಮಂಗಳೂರು, ಉಡುಪಿ, ಮಣಿಪಾಲದ ಐಸಿಯುಗಳ ಹೊರಗೆ ಕಾಯುವವರ ನಡುವೆ ಇಂಥ ಮಾತು ಹೊಸದಲ್ಲ. ಗದ್ದೆ, ತೋಟದ ಕೆಸರಿನಲ್ಲಿ ದುಡಿಯುವವರಿಗೆ ಇಲಿಜ್ವರ ಬರುವ ಕಾಲ ಅದು. ಮಣ್ಣಿನಲ್ಲೇ ಬದುಕುವ ಬ್ಯಾಕ್ಟೀರಿಯಾದಿಂದ ಬರುವ ಮೆಲಿಯಾಯ್ಡೋಸಿಸ್ ಕೂಡ ಕರಾವಳಿಯಲ್ಲಿದೆ, ಸಕ್ಕರೆ ಕಾಯಿಲೆ ಇದ್ದವರನ್ನು ಅದು ಹೆಚ್ಚು ಹಿಡಿಯುತ್ತದೆ. ಎರಡೂ ಶುರುವಾಗುವುದು ಸಾಧಾರಣ ಜ್ವರದಂತೆ. ಮೆಡಿಕಲ್ ಶಾಪಿನ ಮಾತ್ರೆಯಲ್ಲಿ ಎರಡು ದಿನ ಕಳೆದು, ಮೂರನೆಯ ದಿನ ಕೈಕಾಲು ತಣ್ಣಗಾಗಿ, ಮಾತು ತೊದಲುವ ಹೊತ್ತಿಗೆ ರೋಗಿ ಸೆಪ್ಟಿಕ್ ಶಾಕ್‌ಗೆ, ಅಂದರೆ ಸೋಂಕಿನಿಂದ ರಕ್ತದೊತ್ತಡ ಕುಸಿಯುವ ಸ್ಥಿತಿಗೆ, ಜಾರಿರಬಹುದು.

ರಕ್ತದೊತ್ತಡವನ್ನು ಇಳಿಸುವುದರಲ್ಲಿ ರೋಗಾಣುವಿಗಿಂತ ನಮ್ಮ ದೇಹದ ಪಾಲೇ ದೊಡ್ಡದು. ಸೋಂಕಿನೊಡನೆ ಕಾದಾಡುವ ಭರದಲ್ಲಿ ರಕ್ತನಾಳಗಳ ಗೋಡೆಯಲ್ಲಿ ನೈಟ್ರಿಕ್ ಆಕ್ಸೈಡ್ ವಿಪರೀತ ಉತ್ಪತ್ತಿಯಾಗಿ ನಾಳಗಳು ಸಡಿಲಗೊಳ್ಳುತ್ತವೆ, ಗೋಡೆಯ ಒಳಪದರ ಹಾಳಾಗಿ ರಕ್ತದ ದ್ರವ ಹೊರಗೆ ಸೋರುತ್ತದೆ. ಅಡಿಕೆ ತೋಟದ ಎಲ್ಲ ಗೇಟ್‌ವಾಲ್ವ್‌ಗಳನ್ನು ಒಟ್ಟಿಗೆ ತೆರೆದು, ಪೈಪು ಅಲ್ಲಲ್ಲಿ ಒಡೆದರೆ, ಪಂಪು ಎಷ್ಟು ಓಡಿದರೂ ಮೇಲಿನ ಸ್ಪ್ರಿಂಕ್ಲರ್ ತಿರುಗುವುದಿಲ್ಲವಲ್ಲ, ಹಾಗೆ. ಸಾಕಷ್ಟು ದ್ರವ ಕೊಟ್ಟ ಮೇಲೂ ಸರಾಸರಿ ರಕ್ತದೊತ್ತಡವನ್ನು 65 ಮಿ.ಮೀ. ಪಾದರಸದಲ್ಲಿ ನಿಲ್ಲಿಸಲು ನಾಳ ಬಿಗಿಯುವ ಔಷಧ ಬೇಕಾದರೆ, ಜೊತೆಗೆ ರಕ್ತದಲ್ಲಿ ಲ್ಯಾಕ್ಟೇಟ್ (ಅಂಗಾಂಶಗಳು ಸಂಕಷ್ಟದಲ್ಲಿದ್ದಾಗ ಏರುವ ವಸ್ತು) ಲೀಟರಿಗೆ 2 ಮಿಲಿಮೋಲ್ ದಾಟಿದ್ದರೆ ಅದನ್ನು ಸೆಪ್ಟಿಕ್ ಶಾಕ್ ಎನ್ನಬೇಕು. ಇದು 2016ರಲ್ಲಿ ತಜ್ಞರು ಒಪ್ಪಿಕೊಂಡ ವ್ಯಾಖ್ಯೆ. ಈ ಅಳತೆಗೆ ಬಂದವರಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಮಂದಿ ಉಳಿಯುವುದಿಲ್ಲ. ಹಾಗಾಗಿ ಆಸ್ಪತ್ರೆಯಲ್ಲಿ ಎಲ್ಲವೂ ಓಟದಲ್ಲೇ ನಡೆಯುತ್ತದೆ.

ರೋಗಾಣು ಯಾವುದೆಂದು ತಿಳಿಯುವ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆದು, ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡಬೇಕು. ಯಾವುದು ಎಂಬುದನ್ನು ಊರೂ ನಿರ್ಧರಿಸುತ್ತದೆ. ಇಲಿಜ್ವರಕ್ಕೆ ಸಾಕಾಗುವ ಸೆಫ್ಟ್ರಿಯಾಕ್ಸೋನ್ ಮೆಲಿಯಾಯ್ಡೋಸಿಸ್‌ಗೆ ನೆಚ್ಚುವಂಥದ್ದಲ್ಲ. ಅದಕ್ಕೆ ಸೆಫ್ಟಾಜಿಡಿಮ್ ಅಥವಾ ಮೆರೋಪೆನೆಮ್ ಬೇಕು. ರೋಗಿ ಗದ್ದೆಗೆ ಇಳಿದಿದ್ದರೇ, ಸಕ್ಕರೆ ಕಾಯಿಲೆ ಇದೆಯೇ ಎಂದು ಡಾಕ್ಟರು ಕೇಳುವುದು ಕಾಲಹರಣಕ್ಕಲ್ಲ.

ಮೊದಲ ಮೂರು ಗಂಟೆಗಳಲ್ಲಿ ಕೆಜಿಗೆ ಸುಮಾರು 30 ಮಿಲಿಲೀಟರ್‌ನಂತೆ ಸಲೈನ್ ಬಗೆಯ ದ್ರವ ಹೋಗುತ್ತದೆ. 60 ಕೆಜಿ ತೂಗುವವರಿಗೆ ಅದು 1,800 ಮಿಲಿಲೀಟರ್. ಅಷ್ಟರಲ್ಲೂ ಒತ್ತಡ ಏರದಿದ್ದರೆ ನಾಳ ಬಿಗಿಯುವ ಔಷಧ ನಾರ್‌ಅಡ್ರಿನಲಿನ್. ಅದರ ಡೋಸ್ ಏರುತ್ತಲೇ ಹೋದರೆ ಅಂಥದ್ದೇ ಇನ್ನೊಂದು ಔಷಧ ವ್ಯಾಸೋಪ್ರೆಸಿನ್, ಮತ್ತೆ ದಿನಕ್ಕೆ 200 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್. ಒತ್ತಡವನ್ನು ಇನ್ನೂ ಮೇಲೆ, 80-85ಕ್ಕೆ, ಏರಿಸಿದರೆ ಒಳ್ಳೆಯದೇ? ಫ್ರಾನ್ಸಿನಲ್ಲಿ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಉತ್ತರ: ಜೀವ ಉಳಿಯುವುದರಲ್ಲಿ ವ್ಯತ್ಯಾಸವಿಲ್ಲ. ಆದರೆ ಮೊದಲಿನಿಂದಲೂ ಬಿಪಿ ಹೆಚ್ಚಿದ್ದವರಲ್ಲಿ ಡಯಾಲಿಸಿಸ್ ಬೇಕಾದವರ ಸಂಖ್ಯೆ ತುಸು ಇಳಿಯಿತು. ಮನೆಯವರು ಹಳೆಯ ಬಿಪಿ ಮಾತ್ರೆಯ ಚೀಟಿಯನ್ನು ಮರೆಯದೆ ತರಬೇಕಾದ್ದು ಇದಕ್ಕೂ ಹೌದು.

ಇಷ್ಟೆಲ್ಲದರ ನಡುವೆ ನರ್ಸ್ ಒಬ್ಬರು ಗಂಟೆಗೊಮ್ಮೆ ಮಂಚದ ಬದಿಯ ಯೂರಿನ್ ಬ್ಯಾಗ್ ನೋಡಿ ಬರೆದುಕೊಳ್ಳುತ್ತಾರೆ. ಗಂಟೆಗೆ ಕೆಜಿಗೆ ಅರ್ಧ ಮಿಲಿಲೀಟರ್‌ಗಿಂತ, ಅಂದರೆ 60 ಕೆಜಿಯವರಿಗೆ 30 ಮಿಲಿಲೀಟರ್‌ಗಿಂತ, ಕೆಳಗಿಳಿದರೆ ಕಳವಳ. ಎರಡೂ ಕಿಡ್ನಿ ಸೇರಿ ತೂಗುವುದು ಸುಮಾರು 300 ಗ್ರಾಂ. ಆದರೆ ಹೃದಯ ಹೊರಹಾಕುವ ರಕ್ತದ ಐದರಲ್ಲೊಂದು ಪಾಲು ಅವಕ್ಕೇ ಬೇಕು. ದಿನಕ್ಕೆ 180 ಲೀಟರ್ ಸೋಸಿ, ಒಂದೂವರೆ ಲೀಟರ್ ಬಿಟ್ಟು ಉಳಿದದ್ದನ್ನೆಲ್ಲ ಹಿಂದಕ್ಕೆ ಹೀರಿಕೊಳ್ಳುವ ಕೆಲಸ ಅವುಗಳದ್ದು. ರಕ್ತ ಸಾಲದೆ ಕಿಡ್ನಿಯ ಜೀವಕೋಶಗಳು ಸತ್ತವು ಎಂದು ಬಹುಕಾಲ ನಂಬಿದ್ದೆವು. ಕುರಿಗಳ ಮೇಲಿನ ಪ್ರಯೋಗಗಳು ಬೇರೆಯದನ್ನೇ ತೋರಿಸಿದವು: ಸೆಪ್ಸಿಸ್‌ನಲ್ಲಿ (ಸೋಂಕಿಗೆ ದೇಹ ತೋರುವ ಹದತಪ್ಪಿದ ಪ್ರತಿಕ್ರಿಯೆ ಅಂಗಾಂಗಗಳನ್ನೇ ಕೆಡಿಸುವ ಸ್ಥಿತಿ) ಕಿಡ್ನಿಗೆ ಹರಿಯುವ ರಕ್ತ ಮಾಮೂಲಿಗಿಂತ ಹೆಚ್ಚಿದ್ದಾಗಲೂ ಸೋಸುವಿಕೆ ಕುಸಿಯಬಲ್ಲದು. ಸೋಸುವ ಗಂಟಿನಿಂದ ಹೊರಹೋಗುವ ಕಿರುನಾಳ ಒಳಬರುವುದಕ್ಕಿಂತ ಹೆಚ್ಚು ಸಡಿಲವಾದರೆ ರಕ್ತ ಒತ್ತಡವಿಲ್ಲದೆ ಹಾದುಹೋಗುತ್ತದೆ, ಸೋಸಿಕೊಳ್ಳುವುದಿಲ್ಲ. ಸೆಪ್ಸಿಸ್‌ನಿಂದ ತೀರಿಕೊಂಡವರ ಕಿಡ್ನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೂ ಸತ್ತ ಕೋಶಗಳು ಸಿಕ್ಕಿದ್ದು ಅಷ್ಟಿಷ್ಟು. ಬಹುಪಾಲು ಕೋಶಗಳು ಶಕ್ತಿ ಉಳಿಸಿಕೊಳ್ಳಲು ಕೆಲಸ ನಿಲ್ಲಿಸಿ ಕಾದಿರುತ್ತವೆ ಎಂಬುದು ಈಗಿನ ತಿಳಿವಳಿಕೆ. ನನಗೆ ಇದು ಕಳೆದ ಎರಡು ದಶಕಗಳ ಅತಿ ಮುಖ್ಯ ಪಾಠಗಳಲ್ಲಿ ಒಂದು ಅನ್ನಿಸುತ್ತದೆ.

ಏಕೆಂದರೆ ಕಿಡ್ನಿಗೆ ಬಲವಂತ ಮಾಡಿ ಮೂತ್ರ ಹೊರಡಿಸುವ ಉಪಾಯಗಳು ಒಂದೊಂದಾಗಿ ಬಿದ್ದುಹೋದವು. 'ಕಿಡ್ನಿ ಡೋಸ್' ಎಂದು ಹೆಸರಾಗಿದ್ದ ಅಲ್ಪ ಪ್ರಮಾಣದ ಡೋಪಮಿನ್ ವರ್ಷಗಟ್ಟಲೆ ಪ್ರಚಲಿತವಿತ್ತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ 328 ರೋಗಿಗಳ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಅದರಿಂದ ಪ್ರಯೋಜನವಿಲ್ಲ ಎಂದು ತೋರಿಸಿತು. ನಾಳದಲ್ಲಿ ದ್ರವ ಹಿಡಿದಿಡಲೆಂದು ಕೊಡುತ್ತಿದ್ದ ಪಿಷ್ಟದ ದ್ರಾವಣ ಇನ್ನೂ ಕೆಟ್ಟದ್ದಾಗಿತ್ತು. 2012ರ ಸ್ಕ್ಯಾಂಡಿನೇವಿಯಾದ ಅಧ್ಯಯನದಲ್ಲಿ ಸಾವೂ ಡಯಾಲಿಸಿಸ್ಸೂ ಹೆಚ್ಚಿದವು. ಸಲೈನ್ ಕೂಡ ಅತಿಯಾದರೆ ಅಭಿಧಮನಿಗಳಲ್ಲಿ ರಕ್ತ ಒತ್ತರಿಸಿ ಕಿಡ್ನಿ ಉಬ್ಬಿಕೊಳ್ಳುತ್ತದೆ. ಮೊದಲ ದಿನ ಜೀವ ಉಳಿಸಿದ ದ್ರವ ಮೂರನೆಯ ದಿನ ಹೊರೆಯಾಗಬಹುದು.

ಡಯಾಲಿಸಿಸ್ ಬೇಗ ಶುರುಮಾಡಿದರೆ? 2020ರಲ್ಲಿ ಸುಮಾರು 3,000 ರೋಗಿಗಳ ದೊಡ್ಡ ಅಧ್ಯಯನ ಇದನ್ನೇ ಕೇಳಿತು. ತಕ್ಷಣದ ಕಾರಣವಿಲ್ಲದೆ ಬೇಗ ಶುರುಮಾಡಿದ್ದರಿಂದ ಸಾವು ಕಡಿಮೆಯಾಗಲಿಲ್ಲ. ಬದುಕಿದವರಲ್ಲಿ 90 ದಿನಗಳ ನಂತರವೂ ಡಯಾಲಿಸಿಸ್‌ಗೆ ಅಂಟಿಕೊಂಡವರು ಶೇಕಡಾ 10ರಷ್ಟು, ಕಾದುನೋಡಿದ ಗುಂಪಿನಲ್ಲಿ ಶೇಕಡಾ 6. ಪೊಟ್ಯಾಸಿಯಂ ಏರಿದಾಗ, ರಕ್ತದ ಆಮ್ಲತೆ ಮಿತಿಮೀರಿದಾಗ, ಶ್ವಾಸಕೋಶದಲ್ಲಿ ನೀರು ತುಂಬಿದಾಗ ಮಾತ್ರ ಕಾಯುವ ಹಾಗಿಲ್ಲ. ನಮ್ಮ ಇಲಿಜ್ವರವಂತೂ ಈ ಪುಸ್ತಕದ ನಿಯಮಗಳನ್ನು ಸರಿಯಾಗಿ ಪಾಲಿಸುವುದೂ ಇಲ್ಲ. ಕಿಡ್ನಿ ಸೋಸದಿದ್ದಾಗ ರಕ್ತದಲ್ಲಿ ಉಳಿಯುವ ಕ್ರಿಯಾಟಿನಿನ್ ಏರುತ್ತಿದ್ದರೂ ಮೂತ್ರ ಹೋಗುತ್ತಿರಬಹುದು, ಪೊಟ್ಯಾಸಿಯಂ ಏರುವ ಬದಲು ಇಳಿಯಬಹುದು. ಬ್ಯಾಗ್ ತುಂಬಿದೆ ಎಂದು ನಿಟ್ಟುಸಿರು ಬಿಡುವಂತಿಲ್ಲ.

ಗುಣವಾಗಿ ಮನೆಗೆ ಬಂದವರಿಗೂ ಒಂದಿಷ್ಟು ಕೆಲಸ ಉಳಿದಿರುತ್ತದೆ. ಮೂರು ತಿಂಗಳಾದ ಮೇಲೆ ಕ್ರಿಯಾಟಿನಿನ್ ಮತ್ತೆ ನೋಡಿಸಬೇಕು, ಮೈಕೈ ನೋವಿಗೆ ಕೇಳದೆಯೇ ಡೈಕ್ಲೋಫೆನಾಕ್ ನುಂಗಬಾರದು. ಮೆಲಿಯಾಯ್ಡೋಸಿಸ್ ಆದವರು ಸಾಮಾನ್ಯವಾಗಿ ಮೂರು ತಿಂಗಳಾದರೂ ಕೋ-ಟ್ರೈಮೊಕ್ಸಜೋಲ್ ಮಾತ್ರೆ ತೆಗೆದುಕೊಳ್ಳಬೇಕಾಗುತ್ತದೆ. ಕಿಡ್ನಿಗೆ ಏನೂ ಆಗದಿದ್ದರೂ ಈ ಮಾತ್ರೆ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಅಂಕಿಯನ್ನು ಸ್ವಲ್ಪ ಮೇಲೆ ತೋರಿಸಬಲ್ಲದು, ಪೊಟ್ಯಾಸಿಯಂ ಅನ್ನು ನಿಜವಾಗಿಯೇ ಏರಿಸಲೂಬಲ್ಲದು. ಎರಡರಲ್ಲಿ ಯಾವುದು ಎಂದು ಹೇಳಬೇಕಾದವರು ಡಾಕ್ಟರು. ರಿಪೋರ್ಟ್ ನೋಡಿ ಗಾಬರಿಯಾಗಿ ಮಾತ್ರೆಯನ್ನು ಅರ್ಧಕ್ಕೆ ಬಿಟ್ಟವರಲ್ಲಿ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು.