ಅರ್ಜಿ ತುಂಬುವ ಮೊದಲು ಹೆಸರು ತೀರ್ಮಾನ ಮಾಡಿ

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಂದಿರು ಪಾಸ್‌ಪೋರ್ಟ್ ಅರ್ಜಿ ತುಂಬಿಸಿಕೊಳ್ಳಲು ನನ್ನ ಹತ್ತಿರ ಜಾಸ್ತಿ ಬರುತ್ತಾರೆ. ಚೀಲದ ತುಂಬ ದಾಖಲೆ ತಂದಿರುತ್ತಾರೆ. ಆದರೆ ಆಧಾರ್‌ನಲ್ಲಿ ಸಾವಿತ್ರಮ್ಮ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಸಾವಿತ್ರಿ ಕೆ ಎನ್, ಪ್ಯಾನ್ ಕಾರ್ಡಿನಲ್ಲಿ ಕಡೂರು ನಂಜಪ್ಪ ಸಾವಿತ್ರಿ, ಮಗಳ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಸಾವಿತ್ರಿ ರುದ್ರೇಶ್. ನಾಲ್ಕೂ ಒಬ್ಬರೇ! ಊರಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಪಾಸ್‌ಪೋರ್ಟ್ ಕೌಂಟರಿನಲ್ಲಿ ಕೇಳುತ್ತಾರೆ.

ಇಷ್ಟು ವರ್ಷ ಅರ್ಜಿ ತುಂಬಿಕೊಟ್ಟ ಮೇಲೆ ನನಗೆ ಖಚಿತವಾಗಿರುವುದು ಒಂದೇ. ನಮ್ಮವರ ಪಾಸ್‌ಪೋರ್ಟ್ ತಾಪತ್ರಯದಲ್ಲಿ ಮುಕ್ಕಾಲು ಪಾಲು ಇನಿಷಿಯಲ್‌ನಿಂದ ಬರುತ್ತದೆ. ನಮಗೆ ಊರಿನ ಹೆಸರು, ಅಪ್ಪನ ಹೆಸರು ಎರಡೂ ಒಂದೊಂದು ಅಕ್ಷರವಾಗಿ ಮುಂದೆಯೋ ಹಿಂದೆಯೋ ಕೂತಿರುತ್ತವೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್‌ಗೆ ಜಾಗವಿಲ್ಲ, ಬಿಡಿಸಿಯೇ ಬರೆಯಬೇಕು. ಇರುವುದು ಎರಡೇ ಖಾನೆ: ಗಿವನ್ ನೇಮ್, ಸರ್‌ನೇಮ್.

ಅಡ್ಡಹೆಸರು ಇಲ್ಲದವರು ಸರ್‌ನೇಮ್ ಖಾಲಿ ಬಿಡುತ್ತಾರೆ. ಬಿಟ್ಟರೂ ಪಾಸ್‌ಪೋರ್ಟ್ ಸಿಗುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದನ್ನೇ ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಹಾಕುತ್ತಾರೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಆ ಮೂರು ಅಕ್ಷರ ಅಲ್ಲಿನ ಡ್ರೈವಿಂಗ್ ಲೈಸೆನ್ಸ್‌ವರೆಗೂ ಹಿಂಬಾಲಿಸಿದ್ದನ್ನು ನೋಡಿದ್ದೇನೆ. ಯುಎಇ ಕೂಡ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿನಲ್ಲಿ ಪ್ರವಾಸಕ್ಕೆ ಬರುವವರ ವಿಷಯದಲ್ಲಿ ಬಿಗಿಯಾಗಿದೆ.

ಹಾಗಾಗಿ ಸರ್‌ನೇಮ್ ಜಾಗಕ್ಕೆ ಏನಾದರೂ ಬರೆಯಿರಿ. ಅಪ್ಪನ ಹೆಸರೋ ಊರಿನ ಹೆಸರೋ ಎಂದು ಕೇಳಿದರೆ, ನಾನು ಊರಿನ ಹೆಸರು ಅಥವಾ ಮನೆತನದ ಹೆಸರು ಅನ್ನುತ್ತೇನೆ. ಅಪ್ಪನ ಹೆಸರು ಹಾಕಿದರೆ ನಾಳೆ ನಿಮ್ಮ ಮಗುವಿಗೆ ಯಾವ ಸರ್‌ನೇಮ್ ಕೊಡುತ್ತೀರಿ? ಅಜ್ಜನದೋ, ನಿಮ್ಮದೋ? 'ಕಡೂರು' ಅಂತ ಇದ್ದರೆ ಮೂರು ತಲೆಮಾರಿಗೂ ಅದೇ ನಡೆಯುತ್ತದೆ. ಆದರೆ ಮೊದಲು ಆಧಾರ್, ಪ್ಯಾನ್ ಎರಡನ್ನೂ ಅದೇ ಸ್ಪೆಲಿಂಗಿಗೆ ತನ್ನಿ, ಆಮೇಲೆ ಅರ್ಜಿ ಹಾಕಿ. ಹುಟ್ಟಿದ ದಿನಾಂಕವನ್ನೂ ನೋಡಿಕೊಳ್ಳಿ. ಎಷ್ಟೋ ಹಿರಿಯರ ಆಧಾರ್‌ನಲ್ಲಿ ಸುಮ್ನೆ ಜನವರಿ 1 ಎಂದು ಕೂತಿರುತ್ತದೆ. ಮದುವೆಯಾಯಿತೆಂದು ಹೆಣ್ಣುಮಕ್ಕಳು ಹೆಸರು ಬದಲಿಸಲೇಬೇಕು ಅಂತಿಲ್ಲ. ತಮ್ಮ ಹೆಸರು ಹಾಗೇ ಇಟ್ಟುಕೊಂಡು, ಸಂಗಾತಿಯ ಹೆಸರಿನ ಜಾಗದಲ್ಲಿ ಗಂಡನ ಹೆಸರನ್ನಷ್ಟೇ ಸೇರಿಸಬಹುದು.

ದುಡ್ಡಿನ ವಿಷಯ ಸರಳ. ದೊಡ್ಡವರಿಗೆ 36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್‌ಗೆ ಮೇಲೆ 2,000. ತತ್ಕಾಲ್‌ನಲ್ಲಿ ಹಾಕಿದರೂ ದಾಖಲೆಗಳ ಹೆಸರು ತಾಳೆಯಾಗದಿದ್ದರೆ ಅಲ್ಲೇ ನಿಲ್ಲುತ್ತದೆ, ಅದಕ್ಕೆ ಅವಸರ ಬೇಡ ಅನ್ನುತ್ತೇನೆ. ಸರ್ಕಾರದ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲೇ ಕಟ್ಟಿ. ಅದನ್ನೇ ಹೋಲುವ ನಕಲಿ ಸೈಟುಗಳಿವೆ.

ಹತ್ತನೇ ತರಗತಿ ಪಾಸಾಗಿದ್ದರೆ ಆ ಮಾರ್ಕ್ಸ್ ಕಾರ್ಡ್ ತಪ್ಪದೆ ಕೊಡಿ. ಇಲ್ಲದಿದ್ದರೆ ಪಾಸ್‌ಪೋರ್ಟಿನಲ್ಲಿ ಇಸಿಆರ್ ಮುದ್ರೆ ಬೀಳಬಹುದು, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರ್ಕಾರದ ಅನುಮತಿ ಬೇಕು ಅಂತ. ಸೌದಿ, ಕುವೈತ್ ಕಡೆ ಕೆಲಸಕ್ಕೆ ಹೋಗುವ ಹುಡುಗರಿಗೆ ಅದರಿಂದ ಇನ್ನೊಂದು ಸುತ್ತು ಅನುಮತಿಯ ಓಡಾಟ.

ಇನ್ನು ಕೈಯಲ್ಲಿರುವ ಪಾಸ್‌ಪೋರ್ಟ್. ಅವಧಿ ಹತ್ತು ವರ್ಷ ಅಂತ ಇದ್ದರೂ ಬಹಳ ದೇಶಗಳು ಕೊನೆಯ ಆರು ತಿಂಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ವರ್ಷ ಮೊದಲೇ ರೀ-ಇಶ್ಯೂಗೆ ಹಾಕಬಹುದು, ಹಾಕಿಬಿಡಿ. ಹಳೆಯದರಲ್ಲಿ ವೀಸಾ ಇನ್ನೂ ಚಾಲ್ತಿಯಲ್ಲಿದ್ದರೆ ಎರಡೂ ಪುಸ್ತಕ ಜೊತೆಗಿಟ್ಟುಕೊಂಡು ಹೋಗಿ. ಪುಟಕ್ಕೆ ಸ್ಟೇಪಲ್ ಹೊಡೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಫೋಟೋ ಪುಟದ ಕೆಳಗೆ 44 ಅಕ್ಷರದ ಎರಡು ಸಾಲು ಇದೆಯಲ್ಲ, ಯಂತ್ರ ಓದುವುದು ಅದನ್ನೇ. ಅದು ನೀರು ತಾಗಿ ಅಳಿಸಿದರೆ ಹೊಸದು ಮಾಡಿಸಬೇಕಾಗುತ್ತದೆ, ಆಗ 36 ಪುಟದ್ದಕ್ಕೆ 3,000 ರೂಪಾಯಿ.

ಅಪಾಯಿಂಟ್‌ಮೆಂಟ್ ದಿನ ಪಾಸ್‌ಪೋರ್ಟ್ ಕೇಂದ್ರದ 'ಎ' ಕೌಂಟರಿನಲ್ಲಿ ನಿಮ್ಮ ವಿವರವನ್ನು ಪರದೆಯ ಮೇಲೆ ತೋರಿಸಿ, ಸರಿಯಿದೆಯಾ ಎಂದು ಕೇಳುತ್ತಾರೆ. ಅಮ್ಮಂದಿರು ಹಿಂದಿನವರಿಗೆ ತಡವಾಗುತ್ತದೆಂದು 'ಹೂಂ' ಅಂದುಬಿಡುತ್ತಾರೆ. ತಡವಾದರೆ ಆಗಲಿ. ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿ.