ಆನ್‌ಲೈನ್‌ನಲ್ಲಿ ತರಿಸಿದ ಸಿಟ್ರಿನ್ ಅಸಲಿನಾ?

ಪ್ರಶ್ನೆ: ದೇಶ ವಿದೇಶದ ಹರಳುಗಳನ್ನು ಕೂಡಿಡುವ ಹುಚ್ಚು ಈಚೆಗೆ ಹತ್ತಿದೆ. ಬ್ರೆಜಿಲ್‌ನದ್ದು ಅಂತ ಹೇಳಿದ ಸಿಟ್ರಿನ್ ಗೊಂಚಲೊಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ತುದಿಗಳೆಲ್ಲ ಗಾಢ ಕಿತ್ತಳೆ, ಬುಡ ಬೆಳ್ಳಗಿದೆ. ನೋಡಿದ ಗೆಳೆಯರೊಬ್ಬರು 'ಡುಪ್ಲಿಕೇಟ್' ಅಂದುಬಿಟ್ಟರು. ಕಲ್ಲು ಅಸಲಿಯೋ ನಕಲಿಯೋ ಅಂತ ಮನೆಯಲ್ಲೇ ತಿಳಿಯುವುದು ಹೇಗೆ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಅದು ಬಿಸಿ ಮಾಡಿದ ಅಮೆಥಿಸ್ಟ್, ಅಂದರೆ ಮೂಲದಲ್ಲಿ ನೇರಳೆ ಬಣ್ಣದ ಹರಳು. ಕಲ್ಲು ನೆಲದಲ್ಲೇ ಹುಟ್ಟಿದ್ದು. ಹರಳಿನ ಆಕಾರವೂ ಅದರದ್ದೇ. ಬಣ್ಣ ಮಾತ್ರ ಕುಲುಮೆಯದ್ದು. ನಿಮ್ಮ ಗೆಳೆಯರನ್ನೂ ಪೂರ್ತಿ ತಳ್ಳಿಹಾಕುವ ಹಾಗಿಲ್ಲ, ಮಾರಿದವರನ್ನೂ ಪೂರ್ತಿ ಬಯ್ಯುವ ಹಾಗಿಲ್ಲ.

ಸಿಟ್ರಿನ್, ಅಮೆಥಿಸ್ಟ್ ಎರಡೂ ನಮ್ಮ ಬೆಣಚುಕಲ್ಲಿನ ಜಾತಿಯೇ, ಅಂದರೆ ಕ್ವಾರ್ಟ್ಜ್. ದಕ್ಷಿಣ ಬ್ರೆಜಿಲ್‌ನ ರಿಯೋ ಗ್ರಾಂಡೆ ದೊ ಸುಲ್ ರಾಜ್ಯ, ಅದಕ್ಕೆ ಹೊಂದಿಕೊಂಡ ಉರುಗ್ವೆಯ ಆರ್ಟಿಗಾಸ್ ಪ್ರದೇಶ, ಇವೆರಡೂ ಅಮೆಥಿಸ್ಟ್‌ಗೆ ಹೆಸರುವಾಸಿ. ಅಲ್ಲಿ ಸುಮಾರು 13 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾಗಿ ಬಸಾಲ್ಟ್ ಆಯಿತು. ಅದರೊಳಗೆ ಅನಿಲದ ಗುಳ್ಳೆಗಳಿದ್ದ ಕಡೆ ಟೊಳ್ಳು ಉಳಿಯಿತು. ಆ ಟೊಳ್ಳುಗಳ ಒಳಗೋಡೆಗೆ ನೇರಳೆ ಹರಳುಗಳು ಬೆಳೆದವು. ಹರಳಿನಲ್ಲಿ ಸ್ವಲ್ಪವೇ ಸ್ವಲ್ಪ ಕಬ್ಬಿಣದ ಅಂಶ ಇರುತ್ತದೆ. ಸುತ್ತಲಿನ ಕಲ್ಲಿನಿಂದ ಬರುವ ಸಹಜ ವಿಕಿರಣ ಲಕ್ಷಾಂತರ ವರ್ಷ ಅದರ ಮೇಲೆ ಬಿದ್ದು ನೇರಳೆ ಬಣ್ಣ ಬರುತ್ತದೆ. ಅದೇ ಹರಳನ್ನು 400–500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿದರೆ ನೇರಳೆ ಹೋಗಿ ಹಳದಿ, ಕಿತ್ತಳೆ ಬರುತ್ತದೆ. ಬಣ್ಣ ಪೇಲವವಾಗಿ ಒಳ್ಳೆ ಬೆಲೆ ಸಿಗದ ಅಮೆಥಿಸ್ಟ್ ಹೀಗೆ ಸಿಟ್ರಿನ್ ಆಗಿ ಅಂಗಡಿಗೆ ಬರುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಸಿಟ್ರಿನ್‌ನಲ್ಲಿ ಹೆಚ್ಚಿನದು ಇಂಥದ್ದೇ. 'ಧನ ಆಕರ್ಷಿಸುವ ಕಲ್ಲು' ಅಂತ ಮಾರುವುದೂ ಇದನ್ನೇ. ಧನವನ್ನೇನೋ ಆಕರ್ಷಿಸುತ್ತದೆ, ಆದರೆ ಮಾರುವವರ ಕಡೆಗೆ.

ನಿಮ್ಮ ಗೊಂಚಲನ್ನು ಒಂದು ಭೂತಗನ್ನಡಿ ಹಿಡಿದು ಬೆಳಕಿನಲ್ಲಿ ನೋಡಿ. ಬಿಸಿ ಮಾಡಿದ್ದಾದರೆ ಬಣ್ಣವೆಲ್ಲ ತುದಿಯಲ್ಲಿ ಸೇರಿಕೊಂಡಿರುತ್ತದೆ. ಕಿತ್ತಳೆಯಲ್ಲಿ ಒಂದು ಸುಟ್ಟ ಛಾಯೆ ಇರುತ್ತದೆ, ಪಾಕ ಹತ್ತಿದ ಬೆಲ್ಲದ ಹಾಗೆ. ಬುಡ ಸುಣ್ಣ ಬಳಿದಷ್ಟು ಬೆಳ್ಳಗೆ, ಮಬ್ಬಾಗಿರುತ್ತದೆ. ಹರಳುಗಳು ಗಿಡ್ಡ, ಮೊನೆ ಮಾತ್ರ ಹೊರಗೆ ಕಾಣುತ್ತದೆ. ಅದು ಅಮೆಥಿಸ್ಟ್ ಬೆಳೆಯುವ ರೀತಿ. ಕಾಯಿಸಿದ ಮಾತ್ರಕ್ಕೆ ಆಕಾರ ಬದಲಾಗುವುದಿಲ್ಲವಲ್ಲ! ಸಹಜ ಸಿಟ್ರಿನ್ ಸಾಮಾನ್ಯವಾಗಿ ಬಿಡಿ ಹರಳು. ಸ್ವಲ್ಪ ಉದ್ದ, ಬಣ್ಣ ತೆಳು ಹಳದಿ, ಕೆಲವು ಸಲ ಹೊಗೆ ಬೆರೆತ ಹಳದಿ. ಆ ಬಣ್ಣ ಬುಡದ ತನಕ ಇರುತ್ತದೆ. ಕಾಂಗೋ, ಜಾಂಬಿಯಾ, ಬ್ರೆಜಿಲ್‌ನದೇ ಆದ ಮಿನಾಸ್ ಜೆರೈಸ್ ಕಡೆಯಿಂದ ಅಂಥವು ಬರುತ್ತವೆ. ಪಕ್ಕಪಕ್ಕ ಇಟ್ಟರೆ ಹೊಸಬರ ಕಣ್ಣಿಗೆ ಸಹಜದ್ದೇ ಸಪ್ಪೆಯಾಗಿ ಕಾಣುತ್ತದೆ.

ಇನ್ನು ಮನೆಯ ಪರೀಕ್ಷೆ. ಗೀರಿ ನೋಡಿ, ಬಿಸಿ ಸೂಜಿ ಚುಚ್ಚಿ ಅಂತೆಲ್ಲ ಹೇಳುವವರು ಬಹಳ ಜನ. ಒಳ್ಳೆ ಹರಳನ್ನು ಗೀರಿ ಹಾಳು ಮಾಡಬೇಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಸಾಕು. ಮೊದಲು ಒಣ ಕಲ್ಲನ್ನು ತೂಗಿ ಬರೆದುಕೊಳ್ಳಿ. ಆಮೇಲೆ ಒಂದು ಪಾತ್ರೆಯಲ್ಲಿ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಕಲ್ಲಿಗೆ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗಾಡಿಸಿ. ತಳಕ್ಕೆ, ಪಕ್ಕಕ್ಕೆ ತಾಗಬಾರದು. ಈಗ ಬರುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. ಒಣ ತೂಕ 132 ಗ್ರಾಂ, ನೀರಿನಲ್ಲಿ ಹಿಡಿದಾಗ 50 ಅಂತ ಬಂದರೆ ಉತ್ತರ 2.64. ಕ್ವಾರ್ಟ್ಜ್‌ನ ಸಾಂದ್ರತೆ 2.65, ಹಾಗಾಗಿ ಲೆಕ್ಕ ಸರಿಹೋಯಿತು. ಬೇರೆ ಖನಿಜಗಳಿಗೆ ಬೇರೆ ಅಂಕಿ: ಫ್ಲೋರೈಟ್ ಆದರೆ 3.18, ಹಿತ್ತಾಳೆಯಂತೆ ಹೊಳೆಯುವ ಪೈರೈಟ್ ಆದರೆ 5ರ ಆಸುಪಾಸು, ಸೀಸದ ಅದಿರಾದ ಗೆಲೀನಾ ಅಂದರೆ 7.5. ಮ್ಯಾಲಕೈಟ್ 3.6ಕ್ಕಿಂತ ಕೆಳಗೆ ಬರುವುದಿಲ್ಲ, ಪ್ಲಾಸ್ಟಿಕ್‌ನಲ್ಲಿ ಮಾಡಿದ ಹಸಿರು ಪಟ್ಟೆಯ ನಕಲು ಇಲ್ಲೇ ಸಿಕ್ಕಿಬೀಳುತ್ತದೆ. ಕಲ್ಲು ತೀರಾ ಚಿಕ್ಕದಾದರೆ ಅಥವಾ ಎರಡು ಮೂರು ಖನಿಜ ಒಟ್ಟಿಗೆ ಅಂಟಿಕೊಂಡು ಬೆಳೆದಿದ್ದರೆ ಈ ಲೆಕ್ಕ ನಂಬಬೇಡಿ. ನೀರಿನಲ್ಲಿ ಕರಗುವ ಖನಿಜಗಳಿಗಂತೂ ಬೇಡವೇ ಬೇಡ.

ತಮಾಷೆ ಏನೆಂದರೆ, ನಿಮ್ಮ ಸಿಟ್ರಿನ್ ಈ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಗುತ್ತದೆ. ಗೀರಿ ನೋಡಿದರೂ ಪಾಸ್. ಅದು ಕ್ವಾರ್ಟ್ಜ್ ಹೌದಲ್ವಾ! ಸಾಂದ್ರತೆ ಹೇಳುವುದು ಇದು ಯಾವ ಖನಿಜ ಅಂತ ಮಾತ್ರ. ಇದಕ್ಕೆ ಯಾರು ಏನು ಮಾಡಿದ್ದಾರೆ ಅಂತ ಹೇಳುವುದಿಲ್ಲ. ಹರಳು ಕೂಡಿಡುವವರು ಬೇರೆ ಬೇರೆಯಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಇದು ಯಾವ ಖನಿಜ, ಇದಕ್ಕೆ ಏನಾದರೂ ಮಾಡಿದ್ದಾರಾ, ಇದು ಎಲ್ಲಿಯದು. ಜಗಳವೆಲ್ಲ ಆಗುವುದು ಎರಡನೆಯದರಲ್ಲಿ.

'ಏನಾದರೂ ಮಾಡುವುದರಲ್ಲಿ' ತರಹಾವರಿ ಇವೆ. ಮಳೆಬಿಲ್ಲಿನ ಬಣ್ಣದ ಔರಾ ಕ್ವಾರ್ಟ್ಜ್ ನೋಡಿರಬಹುದು. ಸಾದಾ ಕ್ವಾರ್ಟ್ಜ್ ಹರಳನ್ನು ಗಾಳಿ ತೆಗೆದ ಪೆಟ್ಟಿಗೆಯಲ್ಲಿಟ್ಟು ಟೈಟೇನಿಯಂ, ಚಿನ್ನದಂಥ ಲೋಹದ ಆವಿಯನ್ನು ಅದರ ಮೇಲೆ ಕೂರಿಸುತ್ತಾರೆ. ಅಮೆರಿಕದ ಅರ್ಕಾನ್ಸಾದ ತಿಳಿ ಕ್ವಾರ್ಟ್ಜ್‌ಗೆ ಗಾಮಾ ಕಿರಣ ಕೊಟ್ಟು ಕಾಡಿಗೆಗಪ್ಪು ಮಾಡಿ 'ಸ್ಮೋಕಿ' ಅಂತ ಮಾರುವುದೂ ಉಂಟು. ಹೆದರಬೇಡಿ, ಕಲ್ಲು ವಿಕಿರಣ ಸೂಸುವುದಿಲ್ಲ. ನೀಲಿ, ಗುಲಾಬಿ ಬಣ್ಣದ ಅಗೇಟ್ ಬಿಲ್ಲೆಗಳು ಬಹುತೇಕ ಬಣ್ಣ ಕುಡಿಸಿದವು. ಜರ್ಮನಿಯ ಇಡಾರ್-ಒಬರ್‌ಸ್ಟೈನ್ ಊರಿನಲ್ಲಿ 19ನೇ ಶತಮಾನದಿಂದಲೇ ಈ ಕಸುಬು ಇದೆ. ಬಿರುಕಿನ ಸಾಲಿನಲ್ಲಿ ಬಣ್ಣ ದಟ್ಟವಾಗಿ ನಿಂತಿದೆಯಾ ನೋಡಿ, ಗೊತ್ತಾಗುತ್ತದೆ. 'ಓಪಲೈಟ್', 'ಚೆರ್ರಿ ಕ್ವಾರ್ಟ್ಜ್', ಮಿನುಗುವ ಕಂದು 'ಗೋಲ್ಡ್‌ಸ್ಟೋನ್' ಇವು ಗಾಜು. ಭೂತಗನ್ನಡಿಯಲ್ಲಿ ದುಂಡನೆ ಗುಳ್ಳೆ ಕಂಡರೆ ಅಲ್ಲಿಗೆ ಮುಗಿಯಿತು.

ಮನುಷ್ಯರು ಬೆಳೆಸಿದ ಹರಳಿಗೆ ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ಉದಾಹರಣೆ ಮೈಲುತುತ್ತ. ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹಾಕುತ್ತಾರಲ್ಲ, ಅದೇ ನೀಲಿ ಹರಳು. ಬಿಸಿನೀರಿನಲ್ಲಿ ಕರಗುವಷ್ಟು ಕರಗಿಸಿ, ಒಂದು ಚಿಕ್ಕ ಹರಳನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು ಸುಮ್ನೆ ಬಿಟ್ಟರೆ ಕೆಲವು ವಾರದಲ್ಲಿ ದೊಡ್ಡ ಹರಳು ಬೆಳೆಯುತ್ತದೆ. ಇದನ್ನೇ ಕಲ್ಲಿನ ಮೇಲೆ ಬೆಳೆಸಿ, ಚಾಲ್ಕಂತೈಟ್ ಎಂಬ ಅದರ ಖನಿಜದ ಹೆಸರಿಟ್ಟು, ಗಣಿಯ ಹೆಸರನ್ನೂ ಸೇರಿಸಿ ಮಾರುತ್ತಾರೆ. ಗಣಿಯಲ್ಲಿ ಸಹಜವಾಗಿ ಸಿಗುವುದು ಹೆಚ್ಚಾಗಿ ತೆಳು ಪದರ, ಎಳೆ ಎಳೆ. ಹೆಬ್ಬೆರಳಿನಷ್ಟು ದೊಡ್ಡ, ಮೂಲೆ ಚೂಪಾದ ಗಾಢ ನೀಲಿ ಹರಳು ಕಂಡರೆ ಅನುಮಾನಪಡಿ. ಮಕ್ಕಳಿರುವ ಮನೆಯಲ್ಲಿ ಹೇಗೂ ಬೇಡ, ವಿಷ. ಇದೇ ತರಹ ಕೆಂಪು ಕಿತ್ತಳೆಯ ಜಿಂಕೈಟ್ ಹರಳು 'ಪೋಲೆಂಡ್' ಅಂತ ಬಂದರೆ ಅದು ಅಲ್ಲಿನ ಸತುವಿನ ಕಾರ್ಖಾನೆಯ ಚಿಮಣಿಯಲ್ಲಿ ಕೂತದ್ದು. ಸಹಜ ಜಿಂಕೈಟ್‌ಗೆ ಹೆಸರಾದ ಜಾಗ ಅಮೆರಿಕದ ನ್ಯೂಜೆರ್ಸಿಯ ಫ್ರಾಂಕ್ಲಿನ್. ಮೆಟ್ಟಿಲು ಮೆಟ್ಟಿಲಾಗಿ ಮಿನುಗುವ ಬಿಸ್ಮತ್ ಹರಳೂ ಕರಗಿಸಿ ಬೆಳೆಸಿದ್ದೇ. ಅದು 271 ಡಿಗ್ರಿಗೇ ಕರಗುವ ಲೋಹ. ಚೆಂದ ಇದೆ, ನನಗೂ ಇಷ್ಟ. ಬೆಳೆಸಿದ್ದು ಅಂತ ಹೇಳಿ ಮಾರಿದರೆ ಯಾರ ತಕರಾರೂ ಇಲ್ಲ.

ಅಂಟಿಸಿದ್ದು ಇನ್ನೊಂದು ಕಥೆ. ಮೊರಾಕ್ಕೋದಿಂದ ಬರುವ, ಒಳಗೆಲ್ಲ ಬೂದು ಲೋಹದಂತೆ ಹೊಳೆಯುವ 'ಗೆಲೀನಾ ಜಿಯೋಡ್'ಗಳು (ಜಿಯೋಡ್ ಅಂದರೆ ಒಳಗೋಡೆಗೆ ಹರಳು ಬೆಳೆದ ಟೊಳ್ಳು ಕಲ್ಲು) ಗೆಲೀನಾದ ಚೂರುಗಳನ್ನು ಗೋಂದು ಹಾಕಿ ಕೂರಿಸಿದವು. ಗೆಲೀನಾದಲ್ಲಿ ಸೀಸ ಇದೆ, ಮುಟ್ಟಿದ ಮೇಲೆ ಕೈ ತೊಳೆಯಿರಿ. ನಮ್ಮ ಪಕ್ಕದ ಮಹಾರಾಷ್ಟ್ರದಲ್ಲೂ ಈ ಕೈಚಳಕ ಇದೆ. ಪುಣೆ ಹತ್ತಿರದ ವಾಘೋಲಿಯ ಕಲ್ಲುಕ್ವಾರಿಗಳಲ್ಲಿ ಕ್ಯಾವನ್‌ಸೈಟ್ ಎಂಬ ಕಡುನೀಲಿ ಖನಿಜ ಸಿಗುತ್ತದೆ. ಮೊದಲು ಗೊತ್ತಾದದ್ದು ಅಮೆರಿಕದ ಒರೆಗಾನ್‌ನಲ್ಲಿ, ಆದರೆ ಜಗತ್ತಿನ ಒಳ್ಳೊಳ್ಳೆ ಮಾದರಿಗಳೆಲ್ಲ ವಾಘೋಲಿಯವು. ಬಿಡಿ ನೀಲಿ ಉಂಡೆಯನ್ನು ಬಿಳಿ ಸ್ಟಿಲ್‌ಬೈಟ್ ಮೇಲೆ ಅಂಟಿಸಿದರೆ ಬೆಲೆ ಏರುತ್ತದೆ, ಅದಕ್ಕೇ ಅಂಟಿಸುತ್ತಾರೆ. ನೋಟು ಪರೀಕ್ಷಿಸುವ ಯುವಿ ಟಾರ್ಚನ್ನು ಕತ್ತಲೆಯಲ್ಲಿ ಹಾಯಿಸಿ ನೋಡಿ. ಎಷ್ಟೋ ಅಂಟುಗಳು ಬೆಳ್ಳಗೆ, ನೀಲಿಯಾಗಿ ಹೊಳೆಯುತ್ತವೆ. ಕೆಲವು ಖನಿಜಗಳೂ ಹೊಳೆಯುತ್ತವೆ, ಆದರೆ ಉಂಡೆಯ ಬುಡದಲ್ಲಿ ಮಾತ್ರ ಒಂದು ಗೆರೆ ಹೊಳೆದರೆ ಅದು ಅಂಟೇ. ಡೆಕ್ಕನ್ ಬಸಾಲ್ಟ್‌ನಲ್ಲೇ ಸಿಗುವ ಒಕೆನೈಟ್‌ನ ನವಿರಾದ ಬಿಳಿ ಉಂಡೆಗೂ ಗುಲಾಬಿ, ಹಸಿರು ಬಣ್ಣ ಕುಡಿಸುತ್ತಾರೆ. ಒಕೆನೈಟ್ ಬೆಳ್ಳಗಷ್ಟೇ ಇರಬೇಕು.

ಹಾಗಂತ ಚೆಂದ ಕಂಡದ್ದೆಲ್ಲ ನಕಲಿ ಅಂತ ಹೊರಟರೂ ಕಷ್ಟ. ಸ್ಪೇನ್‌ನ ನವಹೂನ್ ಎಂಬ ಊರಿನ ಪೈರೈಟ್ ನೋಡಿದವರೆಲ್ಲ ಮೆಷಿನ್‌ನಲ್ಲಿ ಕತ್ತರಿಸಿದ್ದು ಅನ್ನುತ್ತಾರೆ. ಅಷ್ಟು ನಯ, ಅಷ್ಟು ಸರಿಯಾದ ಘನಾಕೃತಿ, ಹಿತ್ತಾಳೆಯ ಹೊಳಪು. ಅದು ನೆಲದೊಳಗೇ ಹಾಗೆ ಬೆಳೆದಿದೆ. ಮೆತ್ತನೆಯ ಬೂದು ಕಲ್ಲಿನೊಳಗಿಂದ ಬಿಡಿಸುವಾಗ ಹರಳು ಕಳಚಿ ಬೀಳುತ್ತದೆ, ಅದನ್ನು ಅದರ ಗುಳಿಗೇ ಮತ್ತೆ ಅಂಟಿಸುವುದೂ ಇದೆ. ಹೇಳಿ ಮಾರಿದರೆ ಅದು ರಿಪೇರಿ, ಹೇಳದಿದ್ದರೆ ಮೋಸ. ನನ್ನ ಲೆಕ್ಕದಲ್ಲಿ ಎಲ್ಲ ಕಲ್ಲಿಗೂ ಇದೇ ನ್ಯಾಯ. ನಿಮ್ಮ ಸಿಟ್ರಿನ್ ಮೇಲೆ 'ಬಿಸಿ ಮಾಡಿದ್ದು' ಅಂತ ಬರೆದಿದ್ದರೆ ಮಾರಿದವರದ್ದು ತಪ್ಪೇನಿಲ್ಲ. 'ನ್ಯಾಚುರಲ್ ಸಿಟ್ರಿನ್' ಅಂತ ಬರೆದು ಅದಕ್ಕೆ ತಕ್ಕ ದುಡ್ಡು ತಗೊಂಡಿದ್ದರೆ ವಾಪಸ್ ಕೇಳಿ.

ಇನ್ನು ಮೂರನೇ ಪ್ರಶ್ನೆ, ಎಲ್ಲಿಯದು? ಹೊಸಬರು ಇದನ್ನು ಕೇಳುವುದೇ ಇಲ್ಲ. ಹಳಬರು ಮೊದಲು ಕೇಳುವುದೇ ಇದು. ನ್ಯೂಯಾರ್ಕ್ ರಾಜ್ಯದ ಹರ್ಕಿಮರ್ ಕೌಂಟಿಯ, ಎರಡೂ ಕಡೆ ಮೊನೆ ಇರುವ ಕ್ವಾರ್ಟ್ಜ್‌ಗೆ 'ಹರ್ಕಿಮರ್ ಡೈಮಂಡ್' ಎಂಬ ಹೆಸರಿದೆ. ಅಂಥದೇ ಹರಳು ಪಾಕಿಸ್ತಾನ, ಚೀನಾದಿಂದ ಅಗ್ಗಕ್ಕೆ ಬಂದು ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಎರಡೂ ಅಸಲಿ ಕ್ವಾರ್ಟ್ಜ್, ಚೀಟಿ ಮಾತ್ರ ಸುಳ್ಳು. ನಮ್ಮ ಮೈಸೂರು ಕಡೆಯ ಕಲ್ಲಿಗೂ ಇದೇ ಗೊಂದಲ. ಹಸಿರು ಫುಕ್ಸೈಟ್‌ನೊಳಗೆ ಕೆಂಪು ಮಾಣಿಕ್ಯ ಕೂತ ಈ ಕಲ್ಲು ಜಗತ್ತಿನ ಅಂಗಡಿಗಳಲ್ಲೆಲ್ಲ ಇದೆ. ಟಾಂಜಾನಿಯಾದ ಹಸಿರು ಜೋಯ್ಸೈಟ್‌ನಲ್ಲೂ ಮಾಣಿಕ್ಯ ಕೂತಿರುತ್ತದೆ, ಅಂಗಡಿಯವರು ಎರಡನ್ನೂ ಅದಲುಬದಲು ಮಾಡುತ್ತಾರೆ. ಹತ್ತಿರದಿಂದ ನೋಡಿದರೆ ಕಷ್ಟವಿಲ್ಲ. ನಮ್ಮದರಲ್ಲಿ ಹಸಿರು ಭಾಗ ಅಭ್ರಕದ ಜಾತಿ, ಮೆತ್ತಗೆ, ಮಿನುಗುತ್ತದೆ. ಮಾಣಿಕ್ಯದ ಸುತ್ತ ಎಷ್ಟೋ ಸಲ ಕಯನೈಟ್‌ನ ನೀಲಿ ಅಂಚು ಇರುತ್ತದೆ. ಟಾಂಜಾನಿಯಾದ್ದು ಗಟ್ಟಿ, ನಡುನಡುವೆ ಕಪ್ಪು ಮಚ್ಚೆ.

ಮುಂದಿನ ಸಲ ಕೊಳ್ಳುವ ಮೊದಲು ಮಾರುವವರಿಗೆ ಬರವಣಿಗೆಯಲ್ಲಿ ಕೇಳಿ: ಯಾವ ಗಣಿ ಅಥವಾ ಯಾವ ಊರು, ಕಾಯಿಸಿದ್ದಾ, ಬಣ್ಣ ಹಾಕಿದ್ದಾ, ಅಂಟಿಸಿದ್ದಾ. ಬರೀ 'ಬ್ರೆಜಿಲ್' ಅಂದರೆ ಸಾಲದು, ಅದು ನಮ್ಮ ದೇಶಕ್ಕಿಂತ ದೊಡ್ಡದು. ಅವರು ಹೇಳಿದ ಊರಿನಲ್ಲಿ ಆ ಖನಿಜ ನಿಜವಾಗಿ ಸಿಗುತ್ತದಾ ಅಂತ ಖನಿಜಗಳ ಮಾಹಿತಿ ಕೊಡುವ ಮಿಂಡ್ಯಾಟ್ (mindat.org) ಜಾಲತಾಣದಲ್ಲಿ ಹುಡುಕಿ, ಪುಕ್ಕಟೆ. ಫೋಟೋಗಳೂ ಇವೆ, ನಿಮ್ಮದನ್ನು ಪಕ್ಕದಲ್ಲಿಟ್ಟು ಹೋಲಿಸಬಹುದು.

ಈಗಿರುವ ಗೊಂಚಲನ್ನು ಎಸೆಯಬೇಡಿ. ಚೀಟಿ ತಿದ್ದಿ ಬರೆಯಿರಿ: 'ಕ್ವಾರ್ಟ್ಜ್, ಬಿಸಿ ಮಾಡಿದ ಅಮೆಥಿಸ್ಟ್. ಮಾರಿದವರ ಪ್ರಕಾರ ಬ್ರೆಜಿಲ್.' ಕೊಂಡ ತಾರೀಖು, ಕೊಟ್ಟ ಬೆಲೆಯನ್ನೂ ಸೇರಿಸಿ. ಪಕ್ಕದಲ್ಲಿಡಲು ಅದೇ ಸೀಮೆಯ ಒಂದು ನೇರಳೆ ಅಮೆಥಿಸ್ಟ್ ತಗೊಳ್ಳಿ, ಚಿಕ್ಕದಾದರೂ ಪರವಾಗಿಲ್ಲ. ಅದನ್ನು ಮಾತ್ರ ಕಿಟಕಿಯ ಬಿಸಿಲಿಗೆ ಇಡಬೇಡಿ, ಬಣ್ಣ ಇಳಿಯುತ್ತದೆ.